ಊರೊಳಗಿನ ಯುದ್ಧ: ಟ್ಯಾಂಕ್ ಕಂಪನಿಯನ್ನು ಹಂಚಬೇಕೇ?

2004ರ ನವೆಂಬರ್‌ನಲ್ಲಿ ಇರಾಕಿನ ಫಲ್ಲೂಜಾ ನಗರದ ಮೇಲೆ ನಡೆದ ದಾಳಿಯ ಹೊಣೆ ಅಮೆರಿಕದ ಮರೀನ್ ಪಡೆಯದಾಗಿತ್ತು; ಇದು ಭೂಸೇನೆಯಿಂದ ಬೇರೆಯಾದ ಪಡೆ. ಭೂಸೇನೆಯ ಎರಡು ಬೆಟಾಲಿಯನ್‌ಗಳು ಟ್ಯಾಂಕ್‌ಗಳ ಸಮೇತ ಅವರ ಕೈಕೆಳಗೆ ಬಂದವು. ಒಂದು ಟ್ಯಾಂಕ್ ಕಂಪನಿಯಲ್ಲಿ 14 ಟ್ಯಾಂಕ್, ಒಬ್ಬ ಕ್ಯಾಪ್ಟನ್. ಅದನ್ನು ಇಡಿಯಾಗಿ ಬಳಸಬೇಕೇ, ಎರಡೆರಡಾಗಿ ಮರೀನ್ ತುಕಡಿಗಳಿಗೆ ಕೊಡಬೇಕೇ?

ವಿರೋಧ: ಒಡೆಯಬೇಡಿ

ಭೂಸೇನೆಯ ಬೆಟಾಲಿಯನ್‌ಗಳನ್ನು ಕೇಳಿ ಪಡೆದವರೇ ಮರೀನ್ ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ರಿಚರ್ಡ್ ನಟೋನ್‌ಸ್ಕಿ. ಅವರಿಗೆ ಬೇಕಾಗಿದ್ದದ್ದು ಒಂದೇ ಪೆಟ್ಟಿಗೆ ನುಗ್ಗುವ ಬಲ. ಆ ಎರಡರಲ್ಲೊಂದಾದ 7ನೇ ಕ್ಯಾವಲ್ರಿಯ 2ನೇ ಬೆಟಾಲಿಯನ್ ನಗರದ ವಾಯವ್ಯದ ಜೋಲಾನ್ ಬಡಾವಣೆಯ ಕಡೆಯಿಂದ ಊರೊಳಗೆ ದಾರಿ ಬಿಡಿಸಿತು. ಮನೆ ಮನೆ ಹುಡುಕುವ ಮರೀನ್‌ಗಳು ಹಿಂದೆ ಬಂದರು. ಟ್ಯಾಂಕ್‌ಗಳನ್ನು ಚದುರಿಸಿದ್ದರೆ ಈ ವೇಗ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು, ಇಂಧನ. ಈ ಪಡೆಗಳ ಅಬ್ರಾಮ್ಸ್ ಟ್ಯಾಂಕಿನ ಟರ್ಬೈನ್ ಎಂಜಿನ್ ಸುಮ್ನೆ ನಿಂತಿದ್ದರೂ ಇಂಧನ ಕುಡಿಯುತ್ತದೆ. ಗುಂಡು, ಇಂಧನ, ರಿಪೇರಿ, ಎಲ್ಲಕ್ಕೂ ಕಂಪನಿಯಲ್ಲೇ ಜನ ಇರುತ್ತಾರೆ. ಹತ್ತಾರು ಓಣಿಗಳಲ್ಲಿ ಚೆದುರಿದ ಟ್ಯಾಂಕ್‌ಗಳನ್ನು ಅವರು ಹೇಗೆ ಹುಡುಕಿಕೊಂಡು ಹೋಗಬೇಕು?

ಪರ: ಹಂಚಿ

ನುಗ್ಗಿದ ಮೇಲೆ ಏನು? ಊರೊಳಗಿನ ಯುದ್ಧದಲ್ಲಿ ಜಾಸ್ತಿ ಸಾವು ಆಗುವುದು ಮನೆಯ ಬಾಗಿಲಲ್ಲಿ, ಮೆಟ್ಟಿಲ ಮೇಲೆ. ಅಡಗಿ ಕೂತವರು ಒಳಗಿನಿಂದ ಗುಂಡು ಹಾರಿಸಿದಾಗ ಮರೀನ್‌ಗೆ ಬೇಕಾಗುವುದು ಆ ಗೋಡೆಯನ್ನು ಒಡೆಯುವ ಟ್ಯಾಂಕ್, ಆ ಕ್ಷಣಕ್ಕೇ. ರೇಡಿಯೋದಲ್ಲಿ ಮೇಲಕ್ಕೆ ಕೇಳಿ, ಅಲ್ಲಿಂದ ಇನ್ನೊಂದು ಸೇನೆಯ ಕ್ಯಾಪ್ಟನ್ನಿಗೆ ಹೇಳಿಸಿ ತರಿಸುವಷ್ಟು ಹೊತ್ತು ಅಲ್ಲಿರುವುದಿಲ್ಲ.

ಟ್ಯಾಂಕಿಗೂ ಕಾಲಾಳು ಬೇಕು, ಅಲ್ವಾ? ಮುಚ್ಚಳ ಹಾಕಿಕೊಂಡರೆ ಪಕ್ಕದಲ್ಲೇ ಇರುವವನು ಕಾಣುವುದಿಲ್ಲ. ಅದರ ತೋಪು ಸುಮಾರು 20 ಡಿಗ್ರಿಗಿಂತ ಮೇಲೇಳುವುದಿಲ್ಲ. ಇಕ್ಕಟ್ಟಾದ ಬೀದಿಯಲ್ಲಿ ಎದುರಿನ ತಾರಸಿಯಿಂದ ರಾಕೆಟ್ ಹೊಡೆಯುವವನಿಗೆ ಅಷ್ಟು ಸಾಕು. ತಾರಸಿ ಕಾಯಬೇಕಾದವರು ಮರೀನ್‌ಗಳೇ. ಆದರೆ ಎಂಜಿನ್ ಉಗುಳುವ ಬಿಸಿಗಾಳಿಯಿಂದಾಗಿ ಅದರ ಹಿಂದೆ ಒತ್ತಿಕೊಂಡು ನಡೆಯಲು ಆಗದು. ಎಲ್ಲಿ ನಿಲ್ಲಬೇಕು, ಎಷ್ಟು ದೂರ ಇರಬೇಕು ಅನ್ನುವುದು ಅದೇ ಟ್ಯಾಂಕ್‌ ಸಿಬ್ಬಂದಿಯ ಜೊತೆ ಓಡಾಡಿದಾಗಲೇ ಮೈಗೂಡುವುದು.

ನಮ್ಮವರು ಎಲ್ಲಿದ್ದಾರೆಂದು ತೋರಿಸುವ ಭೂಸೇನೆಯ ಟ್ಯಾಂಕ್‌ನ ಪರದೆಯ ಮೇಲೆ ಕಾಣುವುದು ಉಪಕರಣ ಹಾಕಿದ ವಾಹನಗಳು. ನಡೆದು ಹೋಗುವ ಮರೀನ್ ಅಲ್ಲಿಲ್ಲ. ಯಾವ ಮನೆಯಲ್ಲಿ ನಮ್ಮವರಿದ್ದಾರೆ ಎಂದು ತಿಳಿಯದೆ ಗುಂಡು ಹಾರಿಸಿದರೆ ಸಾಯುವವರು ಜೊತೆಗಾರರು. ಫಲ್ಲೂಜಾದಲ್ಲಿ ಮರೀನ್‌ಗಳು ತಮ್ಮದೇ ಟ್ಯಾಂಕ್‌ಗಳನ್ನು ಜೋಡಿಯಾಗಿ ಕಾಲಾಳುಗಳ ಜೊತೆ ಕಳಿಸಿದ್ದರು.

ಇಂಧನದ ಪ್ರಶ್ನೆ ನಿಜವೇ. ಕ್ಯಾಪ್ಟನ್ ಆ ಸರಬರಾಜನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳಲಿ, ಸರದಿಯಂತೆ ಜೋಡಿಗಳನ್ನು ಹಿಂದಕ್ಕೆ ಕರೆಸಿ ತುಂಬಿಸಲಿ. ಗುಂಡು ಯಾವ ಕಿಟಕಿಗೆ ಅನ್ನುವುದನ್ನು ಬೀದಿಯಲ್ಲಿ ನಿಂತ ಮರೀನ್ ನಾಯಕ ಹೇಳಲಿ.