ಎಷ್ಟು ಬಂತು?

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಅಂತ ಭಾಷಣ ಮಾಡುವವರು ಹೇಳುತ್ತಾರೆ. ಅದು ಬರೀ ಭಾಷಣವಲ್ಲ ಅಂತ ನನಗೆ ಗೊತ್ತಾದದ್ದು 2023ರ ಜೂನ್‌ನಲ್ಲಿ, ನನ್ನ ನೀಟ್ ರಿಸಲ್ಟ್ ಬಂದ ವಾರ. ಹಾಲು ಕೊಡಲು ಹೋದರೆ "ಎಷ್ಟು ಬಂತು?" ಬಸ್ಸಿಗೆ ಕಾಯುತ್ತಿದ್ದರೆ "ಏತ್ ಬತ್ತ್ಂಡ್?" ಬದಿಯಡ್ಕದ ಝೆರಾಕ್ಸ್ ಅಂಗಡಿಯಲ್ಲಿ "ಎತ್ರ ಕಿಟ್ಟಿ?" ಪಕ್ಕದ ಮನೆಯ ಕೊಂಕಣಿ ಮಾಮಿ ಭಾಷೆಯ ತಂಟೆಗೇ ಹೋಗಲಿಲ್ಲ. ಸುಮ್ನೆ ಹುಬ್ಬು ಎತ್ತಿದರು.

ಬಂದದ್ದು 312. 720ಕ್ಕೆ.

ಇದರಲ್ಲೊಂದು ತಮಾಷೆ ಇದೆ. ಆ ವರ್ಷ ಜನರಲ್‌ನವರಿಗೆ 137 ಬಂದರೆ ಅರ್ಹತೆ. ಅಂದರೆ ನಾನು ಪಾಸು. ಧಾರಾಳವಾಗಿ ಪಾಸು. ಸೀಟು ಮಾತ್ರ ಇಲ್ಲ. ಇದನ್ನು ಅಜ್ಜಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

"ಪಾಸಾದವ ಮತ್ತೆ ಅದೇ ಪರೀಕ್ಷೆ ಬರೆಯುವುದು ಎಂತಕ್ಕೆ? ಊಟ ಆದವ ಪುನಃ ಪಂಕ್ತಿಯಲ್ಲಿ ಕೂರ್ತಾನಾ?"

"ಅಜ್ಜಿ, ಬಾಳೆಲೆ ಹಾಕಿದ್ದಾರೆ. ಬಡಿಸಲಿಲ್ಲ."

ಅದು ಅವರಿಗೆ ತಟ್ಟನೆ ಅರ್ಥವಾಯಿತು. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿದರು. ಊರಿನಲ್ಲಿ ಅರ್ಧ ಜನ ನನಗೆ ಯಾವುದೋ ಮದುವೆಮನೆಯಲ್ಲಿ ಅವಮಾನವಾಗಿದೆ ಅಂದುಕೊಂಡರು.

ನನಗೆ ಬೇಕಾಗಿದ್ದದ್ದು ಹಲ್ಲಿನ ಡಾಕ್ಟರಿಕೆ. ಎಂಬಿಬಿಎಸ್ ಸಿಗದೆ ಹಲ್ಲಿಗೆ ಇಳಿದವನಲ್ಲ ನಾನು. ಇದನ್ನು ಯಾರೂ ನಂಬುವುದಿಲ್ಲ, ಇರಲಿ. ನಮ್ಮದು ಅಡಿಕೆ ತೋಟದ ಊರು. ಜಗಲಿಗೆ ಬಂದು ಕೂತವರಿಗೆ ಮೊದಲು ನೀರು ಬೆಲ್ಲ, ಆಮೇಲೆ ಎಲೆ ಅಡಿಕೆಯ ತಟ್ಟೆ. ಬೆಳೆಯುವುದೂ ನಾವೇ, ಜಗಿಯುವುದೂ ನಾವೇ. ಅಜ್ಜಿಯ ಬಾಯಲ್ಲಿ ಉಳಿದಿರುವುದು ಎರಡು ಹಲ್ಲು. ಆ ಎರಡು ಎದುರುಬದುರು ಇಲ್ಲ, ಹಾಗಾಗಿ ಲೆಕ್ಕಕ್ಕೆ ಮಾತ್ರ. ಜಗಿಯುವ ಕೆಲಸವನ್ನೆಲ್ಲ ಕಬ್ಬಿಣದ ಕುಟ್ಟಾಣಿ ಮಾಡುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಕುಟು ಕುಟು ಅಂತ ಶಬ್ದ. ಆ ಶಬ್ದ ಕೇಳಿಕೊಂಡು ಬೆಳೆದವನಿಗೆ ಹಲ್ಲಿನ ಮೇಲೆ ಆಸೆ ಹುಟ್ಟದೆ ಇನ್ನೆಂತ ಹುಟ್ಟಬೇಕು?

312 ಯಾಕೆ ಬಂತು ಅಂತಲೂ ಹೇಳಿಬಿಡುತ್ತೇನೆ. ಹತ್ತನೆಯವರೆಗೆ ನಾನು ಕನ್ನಡ ಮೀಡಿಯಂ. ಪ್ಲಸ್ ಟು ಇಂಗ್ಲಿಷ್. ನೀಟ್ ಕನ್ನಡದಲ್ಲೂ ಬರೆಯಬಹುದು, ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಸೆಂಟರುಗಳಲ್ಲಿ. ನಮ್ಮ ಮನೆಯ ಕನ್ನಡಕ್ಕೆ ತಲಪಾಡಿ ಗಡಿ ದಾಟಿದರೆ ಮಾತ್ರ ಬೆಲೆ. ಸರಿ, ಮಂಗಳೂರಿನ ಸೆಂಟರ್ ಹಾಕಿದೆ. ಪ್ರಶ್ನೆಗಳು ಎರಡು ಭಾಷೆಯಲ್ಲೂ ಇದ್ದವು. ಅದೇ ನನಗೆ ಮುಳುವಾಯಿತು. ಇಂಗ್ಲಿಷ್ ಅರ್ಥವಾಗದಾಗ ಕನ್ನಡ ನೋಡಿದೆ. ಕನ್ನಡ ಅರ್ಥವಾಗದಾಗ ಇಂಗ್ಲಿಷ್ ನೋಡಿದೆ. ಎರಡೂ ಅರ್ಥವಾದಾಗ, ಎರಡೂ ಒಂದೇ ಹೌದಾ ಅಂತ ಮತ್ತೊಮ್ಮೆ ನೋಡಿದೆ. 200 ನಿಮಿಷದಲ್ಲಿ 180 ಉತ್ತರ ಬರೆಯಬೇಕಾದವ ಭಾಷಾಂತರದ ಸಂಶೋಧನೆಗೆ ಕೂತುಬಿಟ್ಟೆ. ಕೊನೆಯ ಹತ್ತು ನಿಮಿಷದಲ್ಲಿ ಓಎಂಆರ್ ಹಾಳೆಯಲ್ಲಿ ರಂಗೋಲಿ ಹಾಕಿದ ಹಾಗೆ ಗುಂಡಿ ತುಂಬಿದೆ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ. ರಂಗೋಲಿಗೆ ಎಷ್ಟು ಕಡಿತವಾಯಿತೋ ದೇವರಿಗೇ ಗೊತ್ತು.

ಹೀಗೆ ನಾನು ರಿಪೀಟರ್ ಆದೆ. ನಮ್ಮ ಕಡೆ ಅದು ಹುದ್ದೆಯ ಹೆಸರು. "ಈಗ ಎಂತ ಮಾಡ್ತಿದ್ದೀ?" "ರಿಪೀಟ್." ಕೇಳಿದವರು ಅಯ್ಯೋ ಪಾಪ ಅನ್ನುವ ಮುಖ ಮಾಡಿ ಇನ್ನೆರಡು ಹೋಳಿಗೆ ಬಡಿಸುತ್ತಾರೆ. ಆ ವರ್ಷ ನನ್ನ ತೂಕ ಜಾಸ್ತಿಯಾಯಿತು.

ಹೊಸ ಪುಸ್ತಕ ಕೊಳ್ಳುವುದು ಬೇಡ ಅಂತ ಅಪ್ಪ ತೀರ್ಮಾನಿಸಿದರು. ದೊಡ್ಡಪ್ಪನ ಮಗನ ಎನ್‌ಸಿಇಆರ್‌ಟಿ ಪುಸ್ತಕಗಳು ಅಟ್ಟದಲ್ಲಿ ಇದ್ದವು. ಅವನು ಆಗಲೇ ಇಂಜಿನಿಯರ್. "ಫಿಸಿಕ್ಸ್ ಎಂತ ವರ್ಷ ವರ್ಷ ಬದಲಾಗ್ತದಾ? ಸೇಬು ಈಗಲೂ ಕೆಳಗೇ ಬೀಳುವುದಲ್ವಾ?" ಅಂದರು. ನಾನೂ ಹೌದೆಂದೆ. ಪುಸ್ತಕ ಒಳ್ಳೆಯ ಸ್ಥಿತಿಯಲ್ಲಿತ್ತು. ಅಣ್ಣ ಮುಖ್ಯವಾದ ಸಾಲುಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡೆರಡು ಗೆರೆ ಎಳೆದಿದ್ದ. ಪರಮಾಣುವಿನ ಪಾಠದಲ್ಲಿ ಒಂದು ಸಾಲಿಗಂತೂ ಎರಡು ಗೆರೆ, ಪಕ್ಕದಲ್ಲಿ ಒಂದು ನಕ್ಷತ್ರ. ಪ್ರತಿ ಧಾತುವಿನ ಪರಮಾಣುವೂ ಸ್ಥಿರ ಅನ್ನುವ ಅರ್ಥದ ಸಾಲು. ಆ ನಕ್ಷತ್ರವನ್ನು ನೆನಪಿಟ್ಟುಕೊಳ್ಳಿ.

ಬಯಾಲಜಿಯಲ್ಲಿ ನಾನು ಮೊದಲು ಹಿಡಿದದ್ದು ಜೀರ್ಣಕ್ರಿಯೆಯ ಪಾಠ. ಹಲ್ಲು ಬರುವುದು ಅದರಲ್ಲೇ. ಮೊದಲ ಸಲ, ಹಲ್ಲು ಬಾಯಲ್ಲೇ ಇದೆಯಲ್ಲ ಅಂತ ಓದದೆ ಬಿಟ್ಟಿದ್ದೆ. ಈ ಸಲ ಹಟ. 2123 ಬೈ 2123 ಅಂತ ದಂತಸೂತ್ರವನ್ನು ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಹಾಲು ಹಲ್ಲು 20, ದೊಡ್ಡವರಿಗೆ 32. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಹಾಗೆ ಕಲಿತು ಮುಗಿಯುವ ಹೊತ್ತಿಗೆ 2024ರ ಹೊಸ ಸಿಲೆಬಸ್ ಬಂತು. ಜೀರ್ಣಕ್ರಿಯೆಯ ಪಾಠ ಇಡಿಯಾಗಿ ಔಟ್! ಹಲ್ಲಿನ ಡಾಕ್ಟರಾಗಲು ಬರೆಯುವ ಪರೀಕ್ಷೆಯಲ್ಲಿ ಹಲ್ಲಿನ ಪಾಠ ಇಲ್ಲ. ಬಾಗಿಲಿನ ಮೇಲಿನ 2123 ಮಾತ್ರ ಉಳಿಯಿತು. ಕರೆಂಟ್ ಬಿಲ್ ಬರೆಯಲು ಬಂದವರು ಅದನ್ನೇ ಎಂತದ್ದೋ ನಂಬರ್ ಅಂತ ಬರೆದುಕೊಳ್ಳಲು ಹೊರಟಿದ್ದರು.

ಅಜ್ಜಿ ಮಧೂರು ಗಣಪತಿಗೆ ಅಪ್ಪದ ಹರಕೆ ಹೇಳಿದರು. ಏಕದಂತನ ಹತ್ತಿರ ಹೋಗಿ ದಂತದ ಸೀಟು ಕೇಳುವುದು ಹೇಗೆ ಅಂತ ನನಗೆ ಸಂಕೋಚ. ಅವನಿಗೇ ಒಂದು ಕಡಿಮೆ. ಅಪ್ಪ ಇನ್ನೂ ಮುಂದೆ ಹೋದರು. ಅನಂತಪುರ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಗಿತ್ತು. ದೇವರ ನೈವೇದ್ಯ ತಿನ್ನುವ ಮೊಸಳೆ ಅಂತ ಹೆಸರಾಗಿದ್ದದ್ದು ಅದು. 2023ರ ನವೆಂಬರಿನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅಪ್ಪ ಪೇಪರ್ ಮಡಚಿ ನನ್ನನ್ನೇ ನೋಡಿದರು. "ನೋಡು, ಕೆರೆಯ ಸೀಟೂ ಭರ್ತಿಯಾಯಿತು."

ನಡುವೆ ಇನ್ನೊಂದು ಪರೀಕ್ಷೆಯೂ ಇತ್ತು. ಕರ್ನಾಟಕದಲ್ಲಿ ಗಡಿನಾಡು ಕನ್ನಡಿಗರ ಲೆಕ್ಕದಲ್ಲಿ ಸೀಟು ಕೇಳಬೇಕಾದರೆ ಕನ್ನಡ ಬರುತ್ತದೆ ಅಂತ ತೋರಿಸಬೇಕು. 50 ಅಂಕದ ಪರೀಕ್ಷೆ, 12 ಬಂದರೆ ಸಾಕು. ಅಜ್ಜಿಗೆ ಕೋಪ. "ನೀನು ತಂಗಿಗೆ ಬೈಯುವುದನ್ನು ಒಮ್ಮೆ ಕೇಳಿಸಿದ್ದರೆ ಆಗ್ತಿತ್ತು." ಈ ವರ್ಷಗಳಲ್ಲಿ ನಾನು ಹೆದರದೆ ಬರೆದ ಪರೀಕ್ಷೆ ಅದೊಂದೇ.

ಸರಿ, 2024ರ ಮೇ 5, ಭಾನುವಾರ. ಈ ಸಲ ಕಾಸರಗೋಡಿನದೇ ಸೆಂಟರ್, ಬರೀ ಇಂಗ್ಲಿಷ್. ಓದಿದ್ದೆ, ಟೈಮ್ ಹಿಡಿದು ಅಭ್ಯಾಸ ಮಾಡಿದ್ದೆ, ಎಲ್ಲ ಸರಿಯಿತ್ತು. ಮೂರು ದಿನ ಮೊದಲು ಎಡಗಡೆ ಕೆಳಗೆ, ಬಾಯಿಯ ಕಟ್ಟಕಡೆಯ ಮೂಲೆಯಲ್ಲಿ, ಎಂತದ್ದೋ ಚುಚ್ಚಿತು. ಬುದ್ಧಿಹಲ್ಲು! ಹದಿನೆಂಟು ವರ್ಷ ಸುಮ್ನಿದ್ದ ಬುದ್ಧಿ ನೀಟಿನ ವಾರವೇ ಹೊರಟಿತ್ತು. ಒಳ್ಳೆಯ ಲಕ್ಷಣ ಅಂತ ಅಮ್ಮ ಅಂದರು. ಮರುದಿನ ಕೆನ್ನೆ ಊದಿತು. ಬದಿಯಡ್ಕದ ಹಲ್ಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. "ಅಡ್ಡ ಬರ್ತಾ ಉಂಟು. ಊತ ಇಳಿಯಲಿ, ಮತ್ತೆ ತೆಗೆಯುವ" ಅಂತ ಮಾತ್ರೆ ಬರೆದುಕೊಟ್ಟರು. ಅಜ್ಜಿ ಅದರ ಜೊತೆಗೆ ಒಂದು ಲವಂಗವನ್ನೂ ಒತ್ತಿ ಇಟ್ಟರು.

ಮಧ್ಯಾಹ್ನ ಒಂದೂವರೆಗೆ ಗೇಟ್ ಬಂದ್. ನಾನು ಹನ್ನೆರಡಕ್ಕೇ ಹೋಗಿ ಬಿಸಿಲಲ್ಲಿ ನಿಂತೆ. ಅರ್ಧ ತೋಳಿನ ಅಂಗಿ, ಹವಾಯಿ ಚಪ್ಪಲಿ, ಆಚೆ ಈಚೆ ಕಾಣುವ ನೀರಿನ ಬಾಟಲಿ. ಮೇ ತಿಂಗಳಲ್ಲಿ ಹಪ್ಪಳ ಒಣಗಿಸುವ ಬಿಸಿಲು ಗೊತ್ತಲ್ಲ, ಅದು. ತಪಾಸಣೆಗೆ ನಿಂತಾಗ ಒಬ್ಬರು ಟೀಚರ್ ನನ್ನ ಅಡ್ಮಿಟ್ ಕಾರ್ಡ್ ಹಿಡಿದು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಫೋಟೋದಲ್ಲಿ ಎರಡೂ ಕೆನ್ನೆ ಸಮ. ನನ್ನ ಎಡಗೆನ್ನೆಯಲ್ಲಿ ಒಂದು ನಿಂಬೆಹಣ್ಣು.

"ಇದ್ ನೀಯಾಣೋ?"

ನಾನೇ ಅಂತ ತಲೆಯಾಡಿಸಿದೆ. ಬಾಯಿ ತೆರೆಯಲು ಆಗುತ್ತಿರಲಿಲ್ಲ.

"ವಾಯಿಲ್ ಎಂದಾ?"

"ಲಬಂಗ" ಅಂದೆ. ಅವರಿಗೆ ತಿಳಿಯಲಿಲ್ಲ. ಮಲಯಾಳದ ಶಬ್ದ ನೆನಪು ಮಾಡಿಕೊಂಡು "ಗ್ರಾಂಬೂ" ಅಂದೆ. ಅಂಗೈಯ ಮೇಲೆ ಉಗುಳಿಸಿದರು. ಮೂರು ಜನ ಬಗ್ಗಿ ನೋಡಿದರು. ಒಬ್ಬರು ಮೆಟಲ್ ಡಿಟೆಕ್ಟರನ್ನು ಅದರ ಮೇಲೆ ಆಡಿಸಿದರು. ಲವಂಗ ಮಾತಾಡಲಿಲ್ಲ. ಹಿಂದೆ ನಿಂತಿದ್ದ ಹುಡುಗ ಮೆಲ್ಲಗೆ "ಬ್ಲೂಟೂತ್ ಆಗಿರಬಹುದು" ಅಂದ. ನಗಲು ಹೋಗಿ ದವಡೆ ಹಿಡಿದುಕೊಂಡಿತು. ಲವಂಗ ಕಸದ ಬುಟ್ಟಿಗೆ ಹೋಯಿತು, ನಾನು ಒಳಗೆ ಹೋದೆ. ಎರಡು ಗಂಟೆಯಿಂದ ಐದೂ ಇಪ್ಪತ್ತರವರೆಗೆ ಎಡಗೈ ಕೆನ್ನೆಗೆ, ಬಲಗೈ ಓಎಂಆರ್‌ಗೆ. ಈ ಸಲ ರಂಗೋಲಿ ಹಾಕಲು ಕೈಯೇ ಬಿಡುವಿರಲಿಲ್ಲ. ಅದೇ ನನ್ನನ್ನು ಉಳಿಸಿತೋ ಏನೋ.

ರಿಸಲ್ಟ್ ಜೂನ್ 14ಕ್ಕೆ ಅಂದಿದ್ದರು. ಬಂದದ್ದು ಜೂನ್ 4ಕ್ಕೆ, ಲೋಕಸಭಾ ಚುನಾವಣೆಯ ಎಣಿಕೆಯ ದಿನ. ಮನೆಯವರೆಲ್ಲ ಟಿವಿಗೆ ಅಂಟಿಕೊಂಡಿದ್ದರು. "561!" ಅಂತ ಒಳಗಿನಿಂದ ಕೂಗಿದೆ. "ಯಾರಿಗೆ ಲೀಡ್?" ಅಂತ ಅಪ್ಪ ತಿರುಗದೆ ಕೇಳಿದರು.

ಆದರೆ ಚಿಕ್ಕಮ್ಮ ಸಂಜೆಯೊಳಗೆ 561ನ್ನು ಮಂಜೇಶ್ವರದಿಂದ ಹೊಸದುರ್ಗದವರೆಗೆ ತಲುಪಿಸಿದರು. ಏಳೂ ಭಾಷೆಗಳಿಗೆ ಒಂದೇ ಉತ್ತರ. ಎರಡು ದಿನ ನಾನು ಬೇಕೆಂತಲೇ ಹಾಲಿನ ಸೊಸೈಟಿಗೆ ಎರಡೆರಡು ಸಲ ಹೋದೆ.

ಅಷ್ಟರಲ್ಲಿ ದೇಶದಲ್ಲಿ ಗಲಾಟೆ ಶುರು. 720ಕ್ಕೆ 720 ತೆಗೆದವರು 67 ಮಂದಿ, ಅದು ಹೇಗೆ ಅಂತ ಪ್ರಶ್ನೆ. ಕೃಪಾಂಕ, ಸೋರಿಕೆ, ಮರುಪರೀಕ್ಷೆ, ಎಲ್ಲ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ನಡುವೆ ಒಂದು ಫಿಸಿಕ್ಸ್ ಪ್ರಶ್ನೆಯೂ ಹೋಯಿತು. ಪ್ರತಿ ಧಾತುವಿನ ಪರಮಾಣುವೂ ಸ್ಥಿರ, ಸರಿಯೋ ತಪ್ಪೋ? ಹಳೆಯ ಪುಸ್ತಕದ ಪ್ರಕಾರ ಸರಿ. ಹೊಸ ಪುಸ್ತಕದಲ್ಲಿ ಪ್ರತಿ ಅಲ್ಲ, ಹೆಚ್ಚಿನ ಧಾತುಗಳು ಅಂತ ತಿದ್ದಿದ್ದಾರೆ. ಮೊದಲು ಎರಡೂ ಉತ್ತರಕ್ಕೆ ಅಂಕ ಕೊಟ್ಟಿದ್ದರು. ದೆಹಲಿ ಐಐಟಿಯ ಮೂವರು ತಜ್ಞರು ಕೂತು ಹೊಸ ಪುಸ್ತಕದ್ದೇ ಸರಿ ಅಂದರು.

ಅಟ್ಟ, ಕೆಂಪು ಪೆನ್ನು, ನಕ್ಷತ್ರ! ಸೇಬು ಕೆಳಗೇ ಬೀಳುತ್ತದೆ, ಸರಿ. ಅದರ ಜೊತೆಗೆ ಅಂಕವೂ ಬೀಳುತ್ತದೆ ಅಂತ ಅಪ್ಪನಿಗೆ ಗೊತ್ತಿರಲಿಲ್ಲ.

ಪರಿಷ್ಕೃತ ಫಲಿತಾಂಶ ಜುಲೈ 26ರಂದು ಬಂತು. ಅದೇ ದಿನ ನಾನು ಹಲ್ಲು ತೆಗೆಸಲು ಹೋಗಿದ್ದೆ. ನೋವು ಹೋದ ಮೇಲೆ ಡಾಕ್ಟರ ನೆನಪು ಯಾರಿಗೆ? ಮತ್ತೆ ಊದಿತು, ಹೋದೆ. ಹೊರಗೆ ಆಟಿಯ ಮಳೆ. ಕುರ್ಚಿ ಹಿಂದಕ್ಕೆ ಬಾಗಿತು. ಡಾಕ್ಟರು ನರ್ಸಿಗೆ ಏನೋ ಹೇಳಿದರು, ಅವರು ಚೀಟಿಯಲ್ಲಿ 38 ಅಂತ ಬರೆದರು. ನನಗೆ ಗಾಬರಿ.

"ಡಾಕ್ಟ್ರೇ, ಮನುಷ್ಯನಿಗೆ 32 ಅಲ್ವಾ?"

ಅವರು ಮಾಸ್ಕ್ ಕೆಳಗೆ ಮಾಡಿ ನನ್ನನ್ನು ನೋಡಿದರು. ಬಾಯಿಯನ್ನು ನಾಲ್ಕು ಪಾಲು ಮಾಡಿ ಎಣಿಸುವುದಂತೆ. ಎಡಗಡೆ ಕೆಳಗಿನ ಪಾಲು ಮೂರನೆಯದು, ಅದರಲ್ಲಿ ಎಂಟನೆಯ ಹಲ್ಲು. ಹಾಗಾಗಿ ಮೂರು ಎಂಟು. ಮೂವತ್ತೆಂಟು ಅಲ್ಲ.

"ನೀಟ್ ಬರೆದಿದ್ದೀಯಾ?"

"ಎರಡು ಸಲ."

"ಎಷ್ಟು ಬಂತು?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಸೂಜಿ ಚುಚ್ಚಿದರು. ಆ ಪ್ರಶ್ನೆ ಕೇಳಿ ಉತ್ತರ ಬೇಡವೆಂದವರು ಅವರೊಬ್ಬರೇ. (ಈಗ ನಾನೂ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವ ಮೊದಲ ವರ್ಷ ಮುಗಿಸಿದ್ದೇನೆ. ನಾನು ಕೆತ್ತಿದ್ದನ್ನು ನೋಡಿ ನಮ್ಮ ಮೇಡಂ ಕೂಡ ಹಾಗೆಯೇ, ಉತ್ತರಕ್ಕೆ ಕಾಯದೆ, "ಇದು ಯಾವ ಪ್ರಾಣಿಯದು?" ಅಂತಾರೆ.)

ಮನೆಗೆ ಬಂದಾಗ ಅರ್ಧ ತುಟಿ ಮರಗಟ್ಟಿತ್ತು. ಬಾಯಲ್ಲಿ ಹತ್ತಿಯ ಉಂಡೆ. ಒಂದು ಗಂಟೆ ಕಚ್ಚಿ ಹಿಡಿ, ಉಗುಳಬೇಡ, ಮಾತಾಡಬೇಡ ಅಂತ ಅಪ್ಪಣೆಯಾಗಿತ್ತು. ಟವೆಲಿನಲ್ಲಿ ಐಸ್ ಸುತ್ತಿ ಎಡಗೆನ್ನೆಗೆ ಒತ್ತಿಕೊಂಡು ಜಗಲಿಯಲ್ಲಿ ಕೂತೆ. ಬಲಗೈಯಲ್ಲಿ ಫೋನು. ಹೊಸ ಲಿಸ್ಟ್ ತೆರೆಯಿತು. ನಾಲ್ಕು ಹೋಗಿತ್ತು. ತಪ್ಪು ಉತ್ತರದ ದಂಡ ಇನ್ನೊಂದು. 561 ಇದ್ದದ್ದು 556.

ಅಜ್ಜಿಯ ಕುಟ್ಟಾಣಿ ನಿಂತಿತು. "ಬಂತಾ? ಎಷ್ಟು ಬಂತು?"

ಬಾಯಿ ಬಿಡುವ ಹಾಗಿಲ್ಲ. ಫೋನ್ ತೊಡೆಯ ಮೇಲಿಟ್ಟು ಬಲಗೈ ಎತ್ತಿದೆ. ಐದು ಬೆರಳು. ಮತ್ತೆ ಐದು. ಆರು ತೋರಿಸಲು ಎರಡು ಕೈ ಬೇಕು, ಎಡಗೈಯಲ್ಲಿ ಐಸ್. ಸರಿ, ಮೊದಲು ಐದು ತೋರಿಸಿ, ಆಮೇಲೆ ಒಂದು ತೋರಿಸುವ ಅಂದುಕೊಂಡು ಐದು ತೋರಿಸಿದೆ. ಅಷ್ಟರಲ್ಲಿ ಅಜ್ಜಿ ಎದ್ದು ಬೇಲಿಯ ಹತ್ತಿರ ಹೋಗಿಯಾಗಿತ್ತು. ಮಳೆಯ ಸದ್ದಿಗಿಂತ ಎತ್ತರದ ದನಿಯಲ್ಲಿ ಕೊಂಕಣಿ ಮಾಮಿಗೆ ಹೇಳುತ್ತಿದ್ದರು:

"ಐನೂರ ಐವತ್ತೈದಂತೆ!"

ನನ್ನ ಒಂದು ಬೆರಳು ಗಾಳಿಯಲ್ಲೇ ಇತ್ತು.