ಬರೀ ಮಾತಿಗೆ ಜನ ಕೂರಲ್ವಾ?

ಹೋದ ವಾರ ಗೆಳೆಯನೊಬ್ಬ ಗಾಂಧಿನಗರದಿಂದ ಮುಖ ಬಾಡಿಸಿಕೊಂಡು ಬಂದ. ಎರಡು ವರ್ಷ ಕೂತು ಬರೆದ ಸ್ಕ್ರಿಪ್ಟ್ ಅವನದು. ಅಪ್ಪ ತೀರಿಕೊಂಡಿದ್ದಾರೆ, ಬೆಳಗಾದರೆ ಹನುಮಂತನಗರದ ಹಳೇ ಮನೆ ರಿಜಿಸ್ಟ್ರೇಷನ್. ಹಿಂದಿನ ರಾತ್ರಿ ಅಕ್ಕ, ತಮ್ಮ ಸಾಮಾನು ಕಟ್ಟುತ್ತಾ ಮಾತಾಡುತ್ತಾರೆ. ಅಷ್ಟೇ ಸಿನಿಮಾ. ನಿರ್ಮಾಪಕರು ಹತ್ತು ಪುಟ ಕೇಳಿ, "ಇದು ರೇಡಿಯೋ ನಾಟಕ ಕಣಪ್ಪಾ, ಬರೀ ಮಾತಿಗೆ ನಮ್ಮ ಜನ ಕೂರಲ್ಲ" ಅಂದರಂತೆ.

ಆ "ನಮ್ಮ ಜನ" ಅನ್ನೋದು ಅವತ್ತಿನಿಂದ ನನ್ನನ್ನು ಕೊರೀತಾ ಇದೆ.

ನಾನು ಪುತ್ತೂರಿನ ಕಡೆಯವಳು. ಚಿಕ್ಕವಳಿದ್ದಾಗ ಅಜ್ಜನ ಪಕ್ಕ ಕೂತು ತಾಳಮದ್ದಳೆ ಕೇಳಿದ್ದೇನೆ. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಪಂಚೆ ಉಟ್ಟು ಶಾಲು ಹೊದ್ದ ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಒಮ್ಮೆ ವಾಲಿವಧೆ ಪ್ರಸಂಗ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಯಾಕೆ ಹೊಡೆದೆ? ವಾಲಿ ಸಾಯುತ್ತಾನೆ ಅಂತ ಅಲ್ಲಿದ್ದ ಮಕ್ಕಳಿಗೂ ಗೊತ್ತು. ಆದರೆ ಈ ವಾಲಿಗೆ ಈ ರಾಮ ಏನು ಉತ್ತರ ಕೊಡುತ್ತಾನೆ ಅನ್ನೋದು ಯಾರಿಗೂ ಗೊತ್ತಿಲ್ಲ, ಅದು ಆಗಲೇ ಹುಟ್ಟಬೇಕು. ವಾಲಿಯ ಅರ್ಥ ಹೇಳುತ್ತಿದ್ದವರು ಪ್ರಶ್ನೆ ಹಾಕಿ ಸುಮ್ಮನಾದರು. ರಾಮನ ಕಡೆಯವರು ತಕ್ಷಣ ಬಾಯಿ ಬಿಡಲಿಲ್ಲ, ಹೆಗಲ ಮೇಲಿನ ಶಾಲನ್ನು ನಿಧಾನಕ್ಕೆ ಸರಿಮಾಡಿಕೊಂಡರು. ಅಜ್ಜ ಕವಳ ಜಗಿಯೋದನ್ನೇ ನಿಲ್ಲಿಸಿದ್ದರು.

ರಾತ್ರಿಯಿಡೀ ಹಾಗೆ ಕೂತವರು ನಮ್ಮ ಜನ ಅಲ್ವಾ?

ಅದು ಸಿನಿಮಾ ಅಲ್ಲ ಅನ್ನಬಹುದು, ನಿಜ. ಹಾಗಾದರೆ ಸಿಡ್ನಿ ಲ್ಯುಮೆಟ್ ನಿರ್ದೇಶನದ '12 ಆಂಗ್ರಿ ಮೆನ್' ನೋಡಿ. 1957ರದ್ದು, 96 ನಿಮಿಷ, ಹೆಚ್ಚೂಕಡಿಮೆ ಪೂರ್ತಿ ಒಂದೇ ಕೋಣೆ. ಕೊಲೆ ಆರೋಪ ಹೊತ್ತ ಹುಡುಗನ ಬಗ್ಗೆ ಹನ್ನೆರಡು ಜನ ಜ್ಯೂರಿಗಳು, ಅಂದರೆ ತೀರ್ಪು ಹೇಳಬೇಕಾದ ಸಾಮಾನ್ಯ ಜನ, ವಾದ ಮಾಡುತ್ತಾರೆ. ಕೋಣೆ ಒಂದೇ ಆದರೂ ಕ್ಯಾಮೆರಾ ಸುಮ್ಮನಿಲ್ಲ. ಮೊದಲು ಕಣ್ಣಿನ ಮಟ್ಟಕ್ಕಿಂತ ಮೇಲಿಂದ ನೋಡುತ್ತದೆ, ಆಮೇಲೆ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ, ಕೊನೆಕೊನೆಗೆ ಅದಕ್ಕಿಂತ ಕೆಳಗೆ. ಲೆನ್ಸುಗಳೂ ಬದಲಾಗುತ್ತಾ ಹೋಗುತ್ತವೆ. ಸೂರು ಕಾಣಿಸತೊಡಗುತ್ತದೆ, ಗೋಡೆ ಹತ್ತಿರ ಬಂದ ಹಾಗಾಗುತ್ತದೆ, ನಮಗೇ ಸೆಕೆ. ಬಿಡುಗಡೆಯಾದಾಗ ಅಮೆರಿಕದಲ್ಲೂ ಅದು ಅಷ್ಟೇನೂ ದುಡ್ಡು ಮಾಡಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೂ 1986ರಲ್ಲಿ ಬಾಸು ಚಟರ್ಜಿ ಅದನ್ನೇ ಹಿಂದಿಗೆ 'ಏಕ್ ರುಕಾ ಹುವಾ ಫೈಸಲಾ' ಅಂತ ತಂದರು. ಅರ್ಧಂಬರ್ಧ ಹಿಂದಿ ಬರುವ ನನ್ನ ಅಮ್ಮ, ಅದರಲ್ಲಿ ವಾದದ ನಡುವೆ ಚಾಕು ಮೇಜಿಗೆ ನಾಟಿದಾಗ ಬಿಡಿಸುತ್ತಿದ್ದ ಬಟಾಣಿಯನ್ನು ಮಡಿಲಲ್ಲೇ ಬಿಟ್ಟು ಕೂತಿದ್ದರು.

ಮಾತಿನ ಸಿನಿಮಾಗಳು ಬೋರ್ ಹೊಡೆಸೋದೂ ಉಂಟು, ಬೇಕಾದಷ್ಟು ನೋಡಿದ್ದೇನೆ. ಪಾತ್ರಗಳು ನಿರ್ದೇಶಕರ ಭಾಷಣವನ್ನು ಹಂಚಿಕೊಂಡು ಒಪ್ಪಿಸುತ್ತಿರುತ್ತವೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಮ್ಮ ಸರದಿಗೆ ಕಾಯುತ್ತಿರುತ್ತಾರೆ, ಕೇಳಿಸಿಕೊಳ್ಳುತ್ತಿರುವುದಿಲ್ಲ. ಕ್ಯಾಮೆರಾ ಸದಾ ಮಾತಾಡುವವರ ಬಾಯಿ ಮೇಲೇ. ಕೇಳುವವರ ಮುಖ ತೋರಿಸದಿದ್ದರೆ ಮಾತು ಎಲ್ಲಿ ತಾಗಿತು ಅಂತ ನಮಗೆ ಹೇಗೆ ಗೊತ್ತಾಗಬೇಕು? ಸಾಲದ್ದಕ್ಕೆ ಒಂದು ಕ್ಷಣ ಮೌನವಾದರೆ ಸಾಕು, ಹಿಂದಿನಿಂದ ಪಿಟೀಲು ಶುರು.

ಇನ್ನೊಂದು, ಡಬ್ಬಿಂಗ್. ಶೂಟಿಂಗ್‌ನಲ್ಲಿ ಪಾತ್ರೆ ಎತ್ತುತ್ತಾ ಏದುಸಿರಲ್ಲಿ ಆಡಿದ ಮಾತನ್ನು ತಿಂಗಳುಗಳಾದ ಮೇಲೆ ಏಸಿ ರೂಮಿನಲ್ಲಿ ಮೈಕ್ ಮುಂದೆ ನಿಂತು ಮತ್ತೆ ಹೇಳಿಸಿದರೆ ಆ ಉಸಿರು ಹೋಗಿಬಿಡುತ್ತದೆ. ಫೈಟು, ಹಾಡು ಇದ್ದ ಕಡೆ ತುಟಿ ಕೂಡಿದರೆ ಸಾಕು, ನಡೆಯುತ್ತದೆ. ಮಾತೇ ಎಲ್ಲವೂ ಆಗಿರುವಾಗ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಜಾಗದಲ್ಲೇ ಹಿಡಿದ ದನಿ, ಬೇಕೇ ಬೇಕು. ಗೆಳೆಯನಿಗೆ ಹೇಳಿದ್ದೇನೆ, ಬಜೆಟ್‌ನಲ್ಲಿ ಬೇರೆ ಏನಾದರೂ ಕಡಿಮೆ ಮಾಡು, ಇದಕ್ಕೆ ಮಾತ್ರ ಕೈ ಹಾಕಬೇಡ ಅಂತ.

ಭಾನುವಾರ ನಮ್ಮ ಮನೆ ಮಹಡಿಯಲ್ಲಿ ಆರು ಜನ ಸೇರಿ ಆ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿದೆವು. ತಮ್ಮ ತನ್ನ ಬಾಲ್ಯ ನೆನೆಯುವ ಮೂರು ಪುಟ ಬರುವಾಗ ಇಬ್ಬರು ಫೋನ್ ತೆಗೆದರು. ಅದು ಹೋಗಬೇಕು, ಅವನಿಗೂ ಗೊತ್ತಾಯಿತು. ಆದರೆ ಒಂದು ಕಡೆ, ಮನೆಯ ಪಾಲಿನ ಬಗ್ಗೆ ಜೋರು ಜಗಳ ನಡೆಯುತ್ತಿರುವಾಗ, ಅಕ್ಕ ಇದ್ದಕ್ಕಿದ್ದಂತೆ "ಅಪ್ಪನ ಕನ್ನಡಕ ಎಲ್ಲಿಟ್ಟೆ?" ಅಂತ ಕೇಳುತ್ತಾಳೆ. ತಮ್ಮ "ಅವರ ಜೊತೆಗೇ ಹೋಯ್ತಲ್ಲಕ್ಕಾ" ಅನ್ನುತ್ತಾನೆ. ಅಷ್ಟೇ. ಅಕ್ಕನ ಪಾತ್ರ ಓದುತ್ತಿದ್ದ ಹುಡುಗಿಗೆ ಮುಂದಿನ ಸಾಲು ಓದಲಾಗಲಿಲ್ಲ, ಫೋನ್ ತೆಗೆದಿದ್ದವರು ತಲೆ ಎತ್ತಿದರು. ಕೆಳಗೆ ರಸ್ತೆಯಲ್ಲಿ ಸೊಪ್ಪಿನವನ ಕೂಗು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಮೂರು ಪುಟ ತೆಗೆದು ಬರುವ ಭಾನುವಾರ ಮತ್ತೆ ಓದುತ್ತೇವೆ. ಆ ನಿರ್ಮಾಪಕರನ್ನೂ ಕರೆ ಅಂದಿದ್ದೇನೆ. ಅವರು ಹತ್ತು ಪುಟ ಕೇಳಿ ಎದ್ದಿದ್ದರು. ಕನ್ನಡಕ ಬರೋದು ನಲವತ್ತೊಂದನೇ ಪುಟದಲ್ಲಿ.