ಕಾವು

ಕಾವು ಅಂದರೆ ಎರಡು. ಒಂದು, ಸುತ್ತಿಗೆ ಕೊಡಲಿಗಳಿಗೆ ಹಾಕುವ ಕಟ್ಟಿಗೆಯ ಹಿಡಿ. ಇನ್ನೊಂದು, ಬಿಸಿ. (ಕೋಳಿಯನ್ನು ಕೇಳಿದರೆ ಮೂರನೆಯದನ್ನೂ ಹೇಳೀತು.) ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಈ ಎರಡು ಕಾವುಗಳಿಗೂ ಜಗಳ ಬೀಳುತ್ತದೆ. ನನಗೆ ಇದು ಗೊತ್ತಾಗಿದ್ದು ಒಂದು ಸುತ್ತಿಗೆಯಿಂದ.

ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ರಜೆಗೆ ಬಂದಾಗ ಎಲ್ಲರಿಗೂ ಚಾಕಲೇಟು, ನನಗೆ ಮಾತ್ರ ಸುತ್ತಿಗೆ. ರಿಟೈರ್ ಆದ ಮೇಲೆ ನಾನು ಬಡಿಗತನದ ಹುಚ್ಚು ಹಚ್ಚಿಕೊಂಡು ಮನೆತುಂಬ ಕುಂಟು ಸ್ಟೂಲು ಮಾಡಿಟ್ಟಿರುವುದು ಅವನಿಗೂ ಗೊತ್ತು.

"ಮಾಮಾ, ಇದರ ಕಾವು ಹಿಕರಿ ಕಟಿಗಿದು. ನಿಮ್ಮ ಜಾಲಿಗಿಂತ ಗಟ್ಟಿ ಅದ" ಅಂದ.

ನಿಮ್ಮ ಜಾಲಿ ಅಂತೆ! ಐದು ವರ್ಷದ ಹಿಂದೆ ಅದು ಅವನ ಜಾಲಿಯೂ ಆಗಿತ್ತು.

ಕಾವಿಗೆ ಹೆಸರಾದ ಈ ಹಿಕರಿ ಉತ್ತರ ಅಮೆರಿಕದ ಮರ. ಅಕ್ರೋಟಿನ ಬಳಗದ್ದು. ಡ್ರೈಫ್ರೂಟ್ ಅಂಗಡಿಯಲ್ಲಿ ಕಾಣುವ ಪೀಕನ್ ಇದರ ಒಡಹುಟ್ಟು. ಅಲ್ಲಿನ ಮೂಲನಿವಾಸಿಗಳು ಇದರ ಕಾಯಿ ಕುಟ್ಟಿ ಹಾಲಿನಂಥದ್ದೊಂದು ಮಾಡಿಕೊಳ್ಳುತ್ತಿದ್ದರು. ಅದರ ಹೆಸರೇ ಸವೆದು ಸವೆದು ಮರದ ಹೆಸರಾಯಿತು. 1829ರಿಂದ 1837ರವರೆಗೆ ಅಮೆರಿಕದ ಅಧ್ಯಕ್ಷನಾಗಿದ್ದ ಆಂಡ್ರೂ ಜಾಕ್ಸನ್‌ಗೆ 'ಓಲ್ಡ್ ಹಿಕರಿ' ಅಂತ ಅಡ್ಡಹೆಸರಿತ್ತು. ಆಸಾಮಿ ಅಷ್ಟು ಗಟ್ಟಿ ಅಂತ. ನಮ್ಮಲ್ಲಿ ಯಾರಾದರೂ ಪುಢಾರಿಯನ್ನು 'ಮುದಿ ಜಾಲಿ' ಅಂತ ಕರೆದು ನೋಡಿ, ಏನಾಗುತ್ತದೆ.

ಹಿಕರಿ ಗಟ್ಟಿ, ನಿಜ. ತೂಕವೂ ಜಾಸ್ತಿ. ಒಣಗಿದ ಮೇಲೂ ಒಂದು ಘನ ಮೀಟರ್‌ಗೆ 800 ಕೆ.ಜಿ. ಆಸುಪಾಸು ತೂಗುತ್ತದೆ, ಸಾಗವಾನಿ 650ರ ಹತ್ತಿರ. ಆದರೆ ಗಟ್ಟಿ ಅನ್ನೋದೊಂದೇ ಸಾಕಾಗಿದ್ದರೆ ಕಬ್ಬಿಣದ ಪೈಪಿನ ಕಾವೇ ಆಗುತ್ತಿತ್ತಲ್ವಾ? ಅಂಥದ್ದೂ ನನ್ನ ಹತ್ತಿರ ಒಂದಿತ್ತು. ಹಿತ್ತಲಲ್ಲಿ ಶಹಾಬಾದ್ ಫರ್ಸಿಯ ಅಂಚು ಒಡೆಯಲು ಹೋಗಿ ನಾಲ್ಕು ಏಟು ಹಾಕಿದ್ದೆ. ಏಟು ಕಲ್ಲಿಗೆ ಬಿದ್ದದ್ದು ಅರ್ಧ, ಉಳಿದರ್ಧ ಮೊಣಕೈ ಹತ್ತಿ ಭುಜದಲ್ಲಿ ಝುಂ ಅಂತ ಕೂತಿತು. ರಾತ್ರಿ ರೊಟ್ಟಿ ಮುರಿಯಲು ಎಡಗೈಯೇ ಗತಿ.

ಹಿಕರಿ ಹಂಗಲ್ಲ. ಅದರ ಎಳೆ ಉದ್ದ, ಹಗ್ಗದ ಹಾಗೆ. ಏಟು ಬಿದ್ದಾಗ ಕೂದಲೆಳೆಯಷ್ಟು ಬಾಗಿ, ಅದರ ಅದುರನ್ನು ತಾನು ನುಂಗಿ, ಮತ್ತೆ ನೆಟ್ಟಗಾಗುತ್ತದೆ. ಕೈಗೆ ಬರುವುದು ಬರೀ 'ಟಕ್' ಅನ್ನುವ ಸುದ್ದಿ. ಡ್ರಮ್ ಬಾರಿಸುವ ಕೋಲುಗಳನ್ನು ಹಿಕರಿಯಲ್ಲೇ ಜಾಸ್ತಿ ಮಾಡುವುದು ಇದಕ್ಕೇ. ಹಿಂದೆ ಅಲ್ಲಿನ ಕುದುರೆ ಗಾಡಿಗಳ ಗಾಲಿಯ ಅರಗಳೂ ಇದರವೇ. ನಮ್ಮ ಎರಿ ಭೂಮಿಯಲ್ಲಿ ರಂಟಿ, ಕುಂಟಿ, ಬಂಡಿಯ ಗಾಲಿ ಎಲ್ಲದಕ್ಕೂ ಜಾಲಿ ದುಡಿದ ಹಾಗೆ. ಒಂದನ್ನೊಂದು ನೋಡದ ಎರಡು ಮರಗಳು ಎರಡು ಕಡೆ ಒಂದೇ ಚಾಕರಿ ಮಾಡಿವೆ. ಹಿಕರಿಗೆ ಒಂದು ದೋಷ ಉಂಟು: ಹಸಿ ನೆಲದಲ್ಲಿಟ್ಟರೆ ಬೇಗ ಕೊಳೆಯುತ್ತದೆ, ಹುಳಕ್ಕೂ ಅದು ಇಷ್ಟ. ಜಾಲಿಯ ಕೆಂಪು ತಿರುಳು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಅಲ್ಲಿ ಮಾತ್ರ ನನ್ನ ಓಟು ಜಾಲಿಗೆ.

ಇರಲಿ, ಜಗಳಕ್ಕೆ ಬರುತ್ತೇನೆ. ಏಪ್ರಿಲ್ ಎರಡನೇ ವಾರ. ಮಧ್ಯಾಹ್ನ ಮೊಳೆ ಹೊಡೆಯಲು ಸುತ್ತಿಗೆ ಎತ್ತಿದೆ, ತಲೆ ಗಡಗಡ ಅಂತು. ಇನ್ನೊಂದೇಟು ಹಾಕಿದ್ದರೆ ಹಾರಿ ಪಕ್ಕದ ಮನೆಯವರ ಕೂಲರ್‌ಗೆ ಬೀಳುತ್ತಿತ್ತು. ಹಿಕರಿ ಒಣಗುವಾಗ ಜಾಸ್ತಿ ಕುಗ್ಗುವ ಮರ. ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಗಲದಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಹೋಗುತ್ತದೆ, ಸಾಗವಾನಿಗೆ ಇದರ ಅರ್ಧ. ಅಲ್ಲೇ ಒಣಗಿಸಿ ಕಳಿಸಿದ್ದರೂ, ನಮ್ಮ ಬಿಸಿಲು ಉಳಿದ ಚೂರು ಪಸೆಯನ್ನೂ ಹೀರಿತ್ತು. ಕಾವಿಗೆ ಕಾವು ಸಡಿಲಾಯಿತು.

"ರಾತ್ರಿ ಬಕೀಟಿನಾಗ ನೆನಿ ಹಾಕು" ಅಂದಳು ಅವ್ವ. ಹಾಕಿದೆ. ಬೆಳಿಗ್ಗೆ ತಲೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾಲ್ಕು ದಿನಕ್ಕೆ ಮೊದಲಿಗಿಂತ ಜಾಸ್ತಿ ಗಡಗಡ.

ಕೊನೆಗೆ ಶಹಾಬಜಾರ್ ಕಡೆಯ ಬಡಿಗೇರ ಕಾಕಾನ ಹತ್ತಿರ ಒಯ್ದೆ. ಎಪ್ಪತ್ತು ದಾಟಿದ ಮನುಷ್ಯ. ಕಾವನ್ನು ಅಂಗೈ ಮೇಲೆ ತೂಗಿ ನೋಡಿದ, ಉಗುರಿನಿಂದ ಗೀಚಿದ, ಮೂಸಿದ.

"ನೀರಾಗ ಹಾಕಿದ್ರೇನ್ರಿ ಸರಾ?"

ನಾನು ಅವ್ವನ ಹೆಸರು ಹೇಳಲಿಲ್ಲ.

"ಕಟಿಗಿ ಉಬ್ಬತದ. ಸುತ್ತ ಕಬ್ಬಿಣ, ಎಲ್ಲಿಗಿ ಹೋಗಬೇಕದು? ತನ್ನೊಳಗ ತಾನೇ ನುಗ್ಗಾಗತದ. ಒಣಗಿದ ಮ್ಯಾಲ ಇನ್ನಷ್ಟು ಸಣ್ಣ ಆಗತದ."

ಆಮೇಲೆ ಕಾವಿನ ತುದಿಯನ್ನು ಬೆಳಕಿಗೆ ಹಿಡಿದು ತೋರಿಸಿದ. ಸಣ್ಣ ತೂತುಗಳ ಸಾಲು, ಅದರ ಪಕ್ಕ ದಟ್ಟನೆಯ ಪಟ್ಟಿ, ಮತ್ತೆ ತೂತುಗಳ ಸಾಲು. ಒಂದೊಂದು ಜೋಡಿ ಒಂದೊಂದು ವರ್ಷ. ಗೆರೆಗಳು ಸುತ್ತಿಗೆ ತಲೆಯ ಉದ್ದಕ್ಕೇ ಓಡಬೇಕಂತೆ, ಅಡ್ಡ ಓಡಿದರೆ ಕಾವು ಮುರಿಯುತ್ತದೆ. ನನ್ನದು ಪಾಸಾಯಿತು. ಆದರೆ ಒಂದು ಮಗ್ಗುಲು ಬಿಳಿ, ಒಂದು ಮಗ್ಗುಲು ಕಂದು ಇದ್ದದ್ದಕ್ಕೆ ಕಾಕಾ ಮುಖ ಸಿಂಡರಿಸಿದ. ಜಾಲಿಯಲ್ಲಿ ಬಿಳಿ ಭಾಗಕ್ಕೆ ಹುಳ ಹತ್ತುತ್ತದೆ, ಅವನು ಅದನ್ನು ಕೆತ್ತಿ ಎಸೆಯುವವನು. ಅಮೆರಿಕದವರದ್ದು ಉಲ್ಟಾ, ಹಿಕರಿಯಲ್ಲಿ ಬಿಳಿಗೇ ಬೆಲೆ ಜಾಸ್ತಿ. ಅಲ್ಲಿನ ಸರ್ಕಾರಿ ಪ್ರಯೋಗಾಲಯದವರು ಪರೀಕ್ಷೆ ಮಾಡಿ, ತೂಕ ಸಮ ಇದ್ದರೆ ಬಿಳಿ ಕಂದು ಎರಡರ ಬಲವೂ ಸಮ ಅಂತ ಹೇಳಿದ ಮೇಲೂ ಗಿರಾಕಿಗಳು ಬಿಳಿಯನ್ನೇ ಕೇಳುತ್ತಿದ್ದರು. ಬಣ್ಣದ ಹುಚ್ಚು ಮದುವೆ ಸಂಬಂಧ ನೋಡುವಾಗ ಮಾತ್ರ ಅಂದುಕೊಂಡಿದ್ದೆ.

ಹಳೆಯ ಬೆಣೆ ಕಿತ್ತು, ಜಾಲಿಯ ಹೊಸ ಬೆಣೆ ಜಡಿದ. ಹಿಕರಿಯ ಹೊಟ್ಟೆಯಲ್ಲಿ ಜಾಲಿ! ಇಪ್ಪತ್ತು ರೂಪಾಯಿ ತಗೊಂಡು, "ಅಗಸಿ ಎಣ್ಣಿ ತಿಕ್ರಿ, ನೀರು ಬ್ಯಾಡ" ಅಂದ.

ಅಕ್ಕನ ಮಗನಿಗೆ ಫೋನ್ ಮಾಡಿ ಕೇಳಿದರೆ ಅವನೂ ಅದನ್ನೇ ಹೇಳಿದ, ಅಲ್ಲಿಯೂ ಕಾವಿಗೆ ಅಗಸಿ ಎಣ್ಣೆಯೇ. ಎಣ್ಣೆ ಹಚ್ಚಿದ ಬಟ್ಟೆ ಮುದ್ದೆ ಮಾಡಿ ಎಸೆಯಬೇಡ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಹರವಿ ಒಣಗಿಸು ಅಂತಲೂ ಎಚ್ಚರಿಸಿದ. ಇನ್ನೊಂದು ಕಾವು!

ಬಟ್ಟೆಯನ್ನು ಹಿತ್ತಲ ಫರ್ಸಿ ಮೇಲೆ ಹರವಿ, ಸುತ್ತಿಗೆಯನ್ನು ನೆರಳಿಗೆ ತೂಗುಹಾಕಿದೆ. ಅವ್ವ ಬಾಗಿಲಲ್ಲಿ ನಿಂತು ಮೂಗರಳಿಸಿ ಕೇಳಿದಳು:

"ಅಗಸಿ ಹಿಂಡಿ ಕುಟ್ಟಾಕ ಹತ್ತೀಯೇನು? ರೊಟ್ಟಿ ಇನ್ನೂ ಆಗಿಲ್ಲ."